‘ಥಪ್ಪಡ್’ ಚಿತ್ರದ ಅಮೃತಾ ವಿಚ್ಛೇದನ ಕೇಳಿದ್ದು ಒಂದು ಏಟಿಗೋ, ಆಮೇಲಿನ ಮೌನಕ್ಕೋ?

ಪ್ರಶ್ನೆ — ತುಂಗಾತೀರ, ಶಿವಮೊಗ್ಗ

ಅನುಭವ್ ಸಿನ್ಹಾ ನಿರ್ದೇಶನದ ‘ಥಪ್ಪಡ್’ (ಕಪಾಳಕ್ಕೆ ಏಟು) ಎಂಬ ಹಿಂದಿ ಚಿತ್ರ 2020ರ ಫೆಬ್ರವರಿ ಕೊನೆಯಲ್ಲಿ ತೆರೆ ಕಂಡಾಗ ನಾನು ಅದನ್ನು ನೋಡಿರಲಿಲ್ಲ. ಕಳೆದ ಭಾನುವಾರ ಅಮ್ಮ, ಅತ್ತಿಗೆ ಮತ್ತು ನಾನು ಮೂವರೂ ಮನೆಯಲ್ಲಿ ಕುಳಿತು ನೋಡಿದೆವು. ನೋಡಿ ಮುಗಿಸಿದ ಮೇಲೆ ನಡೆದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದೆಹಲಿಯ ಅನುಕೂಲಸ್ಥ ಕುಟುಂಬದ ಗೃಹಿಣಿ ಅಮೃತಾ (ತಾಪ್ಸಿ ಪನ್ನು) ಗಂಡ ವಿಕ್ರಮ್‌ನ (ಪಾವೈಲ್ ಗುಲಾಟಿ) ಕೆಲಸ, ಊಟ, ಆರೋಗ್ಯ, ಜೊತೆಗೆ ಅತ್ತೆಯ ಸಕ್ಕರೆ ಕಾಯಿಲೆಯ ಪರೀಕ್ಷೆ, ಎಲ್ಲವನ್ನೂ ನೋಡಿಕೊಂಡು ಸಂತೋಷವಾಗಿಯೇ ಇದ್ದಾಳೆ. ವಿಕ್ರಮ್‌ಗೆ ಲಂಡನ್ನಿನ ಹುದ್ದೆ ಸಿಗುತ್ತದೆಂದು ಮನೆಯಲ್ಲಿ ಔತಣ ನಡೆಯುತ್ತದೆ. ಅದೇ ರಾತ್ರಿ ಆ ಹುದ್ದೆ ತಾನು ಅಂದುಕೊಂಡಂತಿಲ್ಲ, ಅಲ್ಲಿ ತಾನು ಇನ್ನೊಬ್ಬನ ಕೈಕೆಳಗೆ ಇರಬೇಕು ಎಂಬ ಸುದ್ದಿ ಬಂದು, ಅವನು ಮೇಲಧಿಕಾರಿಯೊಂದಿಗೆ ಜಗಳಕ್ಕೆ ಬೀಳುತ್ತಾನೆ. ಅವನನ್ನು ಕೈಹಿಡಿದು ಎಳೆದು ಸಮಾಧಾನ ಮಾಡಲು ಹೋದ ಹೆಂಡತಿಯ ಕೆನ್ನೆಗೆ ಎಲ್ಲ ಅತಿಥಿಗಳ ಎದುರಿಗೇ ಹೊಡೆಯುತ್ತಾನೆ. ಅದಕ್ಕೆ ಮೊದಲು ಅವನು ಯಾವತ್ತೂ ಕೈ ಎತ್ತಿದವನಲ್ಲ. ಉಳಿದ ಚಿತ್ರವೆಲ್ಲ ಅವಳು ತವರಿಗೆ ಹೋಗಿ, ವಕೀಲೆಯನ್ನು ಕಂಡು, ಗರ್ಭಿಣಿಯೆಂದು ತಿಳಿದ ಮೇಲೂ ವಿಚ್ಛೇದನದ ನಿರ್ಧಾರವನ್ನು ಬಿಡದೆ ನಡೆಯುವುದರ ಕಥೆ.

ಅಮ್ಮನಿಗೆ ಈಗ ಅರವತ್ತೆಂಟು. ಚಿತ್ರ ಅರ್ಧಕ್ಕೆ ಬರುವಾಗಲೇ ಅವರು, “ಒಂದು ಏಟಿಗೆ ಮನೆ ಬಿಟ್ಟು ಹೋಗೋದಾಗಿದ್ರೆ ನಮ್ಮ ಕಾಲದಲ್ಲಿ ಯಾವ ಮನೇಲೂ ಹೆಂಗಸರೇ ಇರ್ತಿರಲಿಲ್ಲ” ಎಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯೂ ಹಿಂದೆಯೇ ಬಂತು. ಅತ್ತಿಗೆ ಏನೂ ಹೇಳಲಿಲ್ಲ. ಎದ್ದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು. ನಾನು ಏನನ್ನೂ ಕೇಳಲಿಲ್ಲ, ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ನನ್ನ ಪ್ರಶ್ನೆ ಇದು. ಚಿತ್ರವು ವಿಚ್ಛೇದನಕ್ಕೆ ಕೊಡುವ ಕಾರಣ ನಿಜವಾಗಿಯೂ ಸಾಕೇ? ಕುಡುಕನಲ್ಲದ, ಬೇರೆ ಹೆಣ್ಣಿನ ಸಹವಾಸವಿಲ್ಲದ, ವರದಕ್ಷಿಣೆ ಕೇಳದ ಗಂಡನನ್ನು ಒಂದು ಏಟಿಗಾಗಿ ಬಿಡುವುದನ್ನು ನಮ್ಮ ಕಾನೂನು ಒಪ್ಪುತ್ತದೆಯೇ? ಅದಕ್ಕಿಂತ ಮುಖ್ಯವಾಗಿ, ಆ ದಾಂಪತ್ಯ ಮುರಿದದ್ದು ಯಾವ ಗಳಿಗೆಯಲ್ಲಿ ಎಂದು ನಿಮಗೆ ಅನ್ನಿಸಿತು? ಏಟು ಬಿದ್ದ ಕ್ಷಣದಲ್ಲಿ ಅಲ್ಲ ಎಂಬುದು ನನ್ನ ಅನುಮಾನ, ಆದರೆ ಅದನ್ನು ಅಮ್ಮನಿಗೆ ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ.

ಉತ್ತರ — ಕೌಟುಂಬಿಕ ನ್ಯಾಯಾಲಯದ ವಕೀಲೆ, ಬೆಂಗಳೂರು

ಕಾನೂನಿನ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಈ ಚಿತ್ರದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅದೇ ಹೆಚ್ಚು ಗೊಂದಲವಾಗಿರುತ್ತದೆ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯ ಎಂಬುದು ಮೊದಲು ನ್ಯಾಯಿಕ ಪ್ರತ್ಯೇಕತೆಗೆ, ಅಂದರೆ ಮದುವೆ ಮುರಿಯದೆ ನ್ಯಾಯಾಲಯದ ಆದೇಶದಿಂದ ಬೇರೆ ಇರುವುದಕ್ಕೆ, ಮಾತ್ರ ಕಾರಣವಾಗಿತ್ತು. 1976ರ ತಿದ್ದುಪಡಿಯಿಂದ ಅದು ವಿಚ್ಛೇದನಕ್ಕೂ ಕಾರಣವಾಯಿತು. ಅದೇ ತಿದ್ದುಪಡಿಯಲ್ಲಿ 13ಬಿ ಕಲಮು, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಕ್ರೌರ್ಯದ ಆಧಾರದಲ್ಲಿ ಅರ್ಜಿ ಹಾಕಿದರೆ ನ್ಯಾಯಾಲಯ ಇಡೀ ದಾಂಪತ್ಯವನ್ನು ಒಟ್ಟಾಗಿ ತೂಗಿ ನೋಡುತ್ತದೆ. ಸಂಸಾರದಲ್ಲಿ ಸಹಜವಾಗಿ ಬರುವ ಮುನಿಸು, ಮಾತಿನ ಚಕಮಕಿಗಳು ಕ್ರೌರ್ಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಮಾನಸಿಕ ಕ್ರೌರ್ಯಕ್ಕೆ ಒಂದೇ ಅಳತೆಗೋಲು ಇಲ್ಲ ಎಂಬುದನ್ನು 2007ರ ಸಮರ್ ಘೋಷ್ ತೀರ್ಪಿನಲ್ಲಿ ವಿವರವಾಗಿ ಬರೆದಿದೆ. ಹೀಗಿರುವಾಗ ಒಂದೇ ಒಂದು ಏಟನ್ನು ಮುಂದಿಟ್ಟುಕೊಂಡು ವಿರೋಧದ ನಡುವೆ ವಿಚ್ಛೇದನ ಪಡೆಯುವುದು ಸುಲಭವಲ್ಲ. ಚಿತ್ರದ ವಕೀಲೆ ನೇತ್ರಾ ಮೊದಲಿಗೆ ಹಿಂಜರಿಯುವುದು ಈ ಕಾರಣಕ್ಕೆ, ಮತ್ತು ಅದು ಸರಿಯಾಗಿಯೇ ಇದೆ.

ಆದರೆ ಏಟಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ ಹಿಂಸೆಯನ್ನು ಎಣಿಕೆಯಿಂದ ಅಳೆಯುವುದಿಲ್ಲ. ಒಂದು ಕೃತ್ಯವೂ ಹಿಂಸೆಯೇ. ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದಿರುವುದು ಕೂಡ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಗಂಡನ ಮನೆಯಲ್ಲೇ ಉಳಿಯುವ ಹಕ್ಕನ್ನು, ಆ ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ, ಅದೇ ಕಾಯ್ದೆ ಕೊಡುತ್ತದೆ. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ನನ್ನ ಬಳಿ ಬರುವ ಹೆಂಗಸರಲ್ಲಿ ಹೆಚ್ಚಿನವರು, ಮನೆ ಬಿಟ್ಟು ಬಂದರೆ ಮಾತ್ರ ದೂರು ಕೊಡಲು ಸಾಧ್ಯ ಎಂದೇ ತಿಳಿದಿರುತ್ತಾರೆ.

ಚಿತ್ರದಲ್ಲಿ ವಿಕ್ರಮ್‌ನ ಕಡೆಯಿಂದ ಅಮೃತಾಗೆ ಮೊದಲು ಬರುವ ನೋಟಿಸು ದಾಂಪತ್ಯ ಹಕ್ಕುಗಳ ಮರುಸ್ಥಾಪನೆಯದು, ಅಂದರೆ ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನದು. ಹೆಂಡತಿ ಸಕಾರಣವಿಲ್ಲದೆ ದೂರವಾಗಿದ್ದಾಳೆ, ಬಂದು ಜೊತೆಗಿರುವಂತೆ ಆದೇಶಿಸಿ ಎಂದು ಗಂಡ ಕೇಳುವ ಅರ್ಜಿ ಅದು. ಹೆಂಡತಿಯೂ ಹೀಗೆ ಕೇಳಬಹುದು. ಈ ಕಲಮು ಹೆಣ್ಣಿನ ದೇಹದ ಮೇಲಿನ ಅವಳ ಹಕ್ಕಿಗೆ ವಿರುದ್ಧವೆಂದು ಆಂಧ್ರಪ್ರದೇಶ ಉಚ್ಚ ನ್ಯಾಯಾಲಯ 1983ರ ಸರಿತಾ ಪ್ರಕರಣದಲ್ಲಿ ಅದನ್ನು ರದ್ದು ಮಾಡಿತು. ಮರುವರ್ಷವೇ ಸರ್ವೋಚ್ಚ ನ್ಯಾಯಾಲಯ ಸರೋಜ್ ರಾಣಿ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ವೃತ್ತಿಯಲ್ಲಿರುವವರಿಗೆ ಈ ಅರ್ಜಿಯ ಒಳಮರ್ಮ ಗೊತ್ತು: ಹೆಂಡತಿ ಬೇಕೆಂದು ಹಾಕುವುದಕ್ಕಿಂತ, ಅವಳೇ ಬಿಟ್ಟುಹೋದಳೆಂದು ಕಾಗದದಲ್ಲಿ ದಾಖಲಿಸಲು ಹಾಕುವುದು ಹೆಚ್ಚು. ಚಿತ್ರದಲ್ಲಿ ಆ ನೋಟಿಸು ಬಂದಾಗ ಅಮೃತಾ ಅದನ್ನು ಓದುವ ರೀತಿ ನೋಡಿ. ಕ್ಷಮೆಯ ಒಂದು ಸಾಲಿಗಾಗಿ ಕಾದವಳಿಗೆ ಕಲಮಿನ ಸಂಖ್ಯೆ ಬಂದಿದೆ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಅರ್ಜಿ ಗಟ್ಟಿಯಾಗಲೆಂದು ಇಲ್ಲದ ಆರೋಪಗಳನ್ನು ಸೇರಿಸಲು ಅಮೃತಾ ಒಪ್ಪುವುದಿಲ್ಲ, ಜೀವನಾಂಶವನ್ನೂ ಕೇಳುವುದಿಲ್ಲ. ಮೊದಲನೆಯದಕ್ಕೆ ನಾನು ಕೈಮುಗಿಯುತ್ತೇನೆ. ಎರಡನೆಯದನ್ನು ಒಪ್ಪುವುದಿಲ್ಲ. ಸಿನಿಮಾದಲ್ಲಿ ಅದು ಸ್ವಾಭಿಮಾನವಾಗಿ ಕಾಣುತ್ತದೆ, ಆದರೆ ವರ್ಷಗಟ್ಟಲೆ ಒಂದು ಮನೆಯನ್ನು ನಡೆಸಿದವಳು ತನ್ನ ದುಡಿಮೆಯ ಪಾಲನ್ನು ಕೇಳುವುದು ಭಿಕ್ಷೆಯಲ್ಲ. ನಮ್ಮ ಕೌಟುಂಬಿಕ ನ್ಯಾಯಾಲಯವಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದ ಮೆಟ್ಟಿಲುಗಳಲ್ಲಿ, ಪಡಿತರ ಚೀಟಿಯಿಂದ ಹಿಡಿದು ಮದುವೆಯ ಫೋಟೋದವರೆಗೆ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಕುಳಿತ ಹೆಂಗಸರನ್ನು ದಿನವೂ ನೋಡುತ್ತೇನೆ. ಅವರಲ್ಲಿ ಎಷ್ಟೋ ಮಂದಿ “ನನಗೆ ಏನೂ ಬೇಡ ಮೇಡಂ, ಬಿಡುಗಡೆ ಕೊಡಿಸಿ ಸಾಕು” ಎನ್ನುತ್ತಾರೆ. ಆರು ತಿಂಗಳ ಮೇಲೆ ಮಗುವಿನ ಶಾಲೆಯ ಶುಲ್ಕದ ಚೀಟಿ ಹಿಡಿದು ಅವರೇ ಬರುತ್ತಾರೆ.

ಇನ್ನು ಚಿತ್ರದ ಮುಕ್ತಾಯಕ್ಕೆ ಬಂದರೆ, ಅಮೃತಾ ಮತ್ತು ವಿಕ್ರಮ್ ಇಬ್ಬರೂ ಪರಸ್ಪರ ಒಪ್ಪಿಗೆಯಿಂದಲೇ ಬೇರೆಯಾಗುತ್ತಾರೆ. ಈ ದಾರಿಯಲ್ಲಿ ಒಂದು ವರ್ಷ ಬೇರೆ ವಾಸವಿದ್ದಿರಬೇಕು ಮತ್ತು ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ಬಿಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಸರಿಪಡಿಸಲಾಗದಂತೆ ಮುರಿದುಬಿದ್ದ ಮದುವೆ ಎಂಬುದು ನಮ್ಮ ಕಾಯ್ದೆಯಲ್ಲಿ ಇನ್ನೂ ವಿಚ್ಛೇದನಕ್ಕೆ ಕಾರಣವಾಗಿ ಸೇರಿಲ್ಲ. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಸರ್ವೋಚ್ಚ ನ್ಯಾಯಾಲಯ ಮಾತ್ರ ತನ್ನ ವಿಶೇಷ ಅಧಿಕಾರದಿಂದ ಆ ಆಧಾರದಲ್ಲಿ ವಿಚ್ಛೇದನ ಕೊಡಬಹುದು ಎಂದು ಹೇಳಿತು. ಶಿವಮೊಗ್ಗದಲ್ಲೋ ರಾಯಚೂರಿನಲ್ಲೋ ಇರುವ ಹೆಣ್ಣುಮಗಳು ಅಷ್ಟು ದೂರ ಹೋಗಬೇಕೆಂದರೆ ಅದು ದಾರಿಯೇ ಅಲ್ಲ.

ಉತ್ತರ — ಹಳೆಯ ಸಿನಿಮಾ ಪ್ರೇಮಿ, ತುಮಕೂರು

ನಾನು ಗಂಡಸು, ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದೆ. ಚಿತ್ರ ನನಗೂ ಇಷ್ಟವಾಯಿತು, ಆದರೆ ಅದು ತನ್ನ ನಾಯಕಿಗೆ ದಾರಿಯನ್ನು ಬಹಳ ಸುಗಮ ಮಾಡಿಕೊಟ್ಟಿದೆ ಎಂಬ ನನ್ನ ತಕರಾರನ್ನು ಇಲ್ಲಿ ದಾಖಲಿಸಬೇಕೆನಿಸಿತು.

ಅಮೃತಾಳ ಅಪ್ಪ (ಕುಮುದ್ ಮಿಶ್ರಾ) ಮಗಳು ಮನೆಗೆ ಬಂದ ದಿನದಿಂದ ಅವಳ ಬೆನ್ನಿಗೆ ನಿಲ್ಲುತ್ತಾನೆ. ಮನೆಯಲ್ಲಿ ಅವಳಿಗೊಂದು ಕೋಣೆ ಇದೆ, ಹೊಟ್ಟೆಗೆ ಕೊರತೆಯಿಲ್ಲ, ಹೆಸರಾಂತ ವಕೀಲೆಯೇ ಪ್ರಕರಣ ಹಿಡಿಯುತ್ತಾಳೆ. ನಮ್ಮ ಕಡೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎನ್ನುತ್ತಾರೆ. ಮಗಳು ಸೂಟ್‌ಕೇಸ್ ಹಿಡಿದು ಬಂದರೆ ಮೊದಲ ರಾತ್ರಿ ಊಟ ಹಾಕಿ, ಎರಡನೆಯ ದಿನ ಬಸ್ಸು ಹತ್ತಿಸುವ ತಂದೆಯರೇ ಹೆಚ್ಚು. ನನ್ನ ಸ್ವಂತ ತಂಗಿಯನ್ನು ನಮ್ಮ ತಂದೆ ಹೀಗೆಯೇ ಎರಡು ಬಾರಿ ವಾಪಸು ಕಳುಹಿಸಿದರು, ಎರಡನೆಯ ಸಲ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವನು ನಾನೇ. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ನೀರಿನ ಬಾಟಲಿ ಕೊಟ್ಟು, “ಸ್ವಲ್ಪ ಹೊಂದಿಕೊಂಡು ಹೋಗಮ್ಮ” ಎಂದು ಹೇಳಿ ಬಂದೆ. ಅವಳು ತಲೆಯಾಡಿಸಿದಳು. ಈ ಚಿತ್ರದಲ್ಲಿ ಅಪ್ಪ ಮಗಳು ಮಾತನಾಡುವ ದೃಶ್ಯಗಳು ಬಂದಾಗಲೆಲ್ಲ ನನಗೆ ಆ ಬಸ್ಸಿನ ಕಿಟಕಿಯೇ ಕಾಣುತ್ತಿತ್ತು.

ಆದ್ದರಿಂದ ನನ್ನ ಮಟ್ಟಿಗೆ ಚಿತ್ರದ ನಿಜವಾದ ಪರೀಕ್ಷೆ ಅಮೃತಾಳಲ್ಲ, ಮನೆಗೆಲಸದ ಸುನೀತಾ (ಗೀತಿಕಾ ವಿದ್ಯಾ ಓಹಲ್ಯಾನ್). ಅವಳಿಗೆ ಏಟು ದಿನಚರಿಯ ಭಾಗ. ಗಂಡ ಬಾಗಿಲು ಹಾಕಿಕೊಂಡುಬಿಟ್ಟರೆ ತಾನು ಎಲ್ಲಿಗೆ ಹೋಗಲಿ ಎಂಬ ಭಯವನ್ನು ಅವಳು ನಗುತ್ತ ಹೇಳಿಕೊಳ್ಳುತ್ತಾಳೆ. ಕೊನೆಯಲ್ಲಿ ಅವಳು ತಿರುಗಿ ಹೊಡೆಯುವುದನ್ನು ತೋರಿಸಿದ್ದಾರೆ, ಚಿತ್ರಮಂದಿರದಲ್ಲಿ ಚಪ್ಪಾಳೆಯೂ ಬಿತ್ತು. ಆದರೆ ತಿರುಗಿ ಹೊಡೆದ ಮರುದಿನ ಅವಳು ಎಲ್ಲಿ ಮಲಗಿದಳು? ಅಮೃತಾಗೆ ನ್ಯಾಯಾಲಯ, ಸುನೀತಾಗೆ ಕೈ ಎಂದು ಹಂಚಿಬಿಟ್ಟರೆ ಸಮಾನತೆಯ ಮಾತು ಅನುಕೂಲಸ್ಥರ ಮನೆಯೊಳಗೇ ಉಳಿದುಬಿಡುತ್ತದೆ.

ಅಂಕಿಯೊಂದನ್ನು ಇಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದಕ್ಕಿಂತ ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಅದೇ ಸಮೀಕ್ಷೆಯಲ್ಲಿ, ಕೆಲವು ಸಂದರ್ಭಗಳಲ್ಲಿ ಗಂಡ ಹೊಡೆಯುವುದು ಸರಿಯೇ ಎಂದ ಹೆಂಗಸರು ನಮ್ಮ ರಾಜ್ಯದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು. ತುಂಗಾತೀರ ಅವರೇ, ನಿಮ್ಮ ತಾಯಿಯವರ ಮಾತು ಅವರೊಬ್ಬರದಲ್ಲ.

ಉತ್ತರ — ನಿವೃತ್ತ ಶಿಕ್ಷಕಿ, ಧಾರವಾಡ

ತುಮಕೂರಿನ ಸಹೋದರರು ಬರೆದ ಬಸ್ಸಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವರ ತಂಗಿಯ ಸ್ಥಾನದಲ್ಲಿ ನಾನು ಇದ್ದವಳು. ಆದರೂ ಅವರ ತಕರಾರನ್ನು ನಾನು ಪೂರ್ತಿ ಒಪ್ಪಲಾರೆ. ತವರಿನ ಬಾಗಿಲು ತೆರೆದಿರುವ ಹೆಣ್ಣಿಗೇ ಬಿಟ್ಟುಬರುವುದು ಇಷ್ಟು ಕಷ್ಟವಾದರೆ ಉಳಿದವರ ಪಾಡೇನು ಎಂಬ ಪ್ರಶ್ನೆ ಚಿತ್ರ ನೋಡಿದವರಲ್ಲಿ ತಾನಾಗಿಯೇ ಏಳುತ್ತದೆ, ಅವರಲ್ಲೇ ಎದ್ದಿತಲ್ಲ!

ಮುರಿದದ್ದು ಯಾವಾಗ ಎಂದು ಕೇಳಿದಿರಿ. ಏಟಿನ ನಂತರದ ಬೆಳಗನ್ನು ಇನ್ನೊಮ್ಮೆ ನೋಡಿ. ಚಿತ್ರದ ಮೊದಲ ಭಾಗದಲ್ಲಿ ಅಮೃತಾಳ ಬೆಳಗನ್ನು ನಿರ್ದೇಶಕರು ಆತುರವಿಲ್ಲದೆ ಮತ್ತೆ ಮತ್ತೆ ತೋರಿಸುತ್ತಾರೆ. ಬಾಗಿಲಲ್ಲಿಟ್ಟ ಹಾಲು ಮತ್ತು ಪತ್ರಿಕೆ ಒಳಗೆ ತರುವುದು, ಕುಂಡದಿಂದ ಮಜ್ಜಿಗೆಹುಲ್ಲು ಕಿತ್ತು, ಶುಂಠಿ ತುರಿದು ಚಹಾ ಕುದಿಸುವುದು, ಅತ್ತೆಯ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆಯ ಪ್ರಮಾಣ ನೋಡುವುದು, ಗಂಡ ಕಾರು ಹತ್ತುವವರೆಗೂ ಊಟದ ಡಬ್ಬಿ, ಪರ್ಸು ಹಿಡಿದು ಹಿಂದೆಯೇ ಓಡುವುದು. ಅವಳ ಚಹಾ ಮಾತ್ರ ಅವಳೊಬ್ಬಳೇ ಕುಡಿಯುವ ಐದು ನಿಮಿಷದ್ದು. ಈ ಕೆಲಸಗಳೇ ಅವಳ ಪ್ರೀತಿಯ ಭಾಷೆ. ಏಟು ಬಿದ್ದ ಮೇಲೆ ಆ ಮನೆಯವರು ಅವಳಿಂದ ಬಯಸುವುದು ಏನನ್ನು? ಅದೇ ಚಹಾ, ಅದೇ ಡಬ್ಬಿ. ವಿಕ್ರಮ್ ತನಗೆ ಆಫೀಸಿನಲ್ಲಿ ಆದ ಅನ್ಯಾಯವನ್ನು ವಿವರಿಸುತ್ತಾನೆ. ಅಷ್ಟು ವರ್ಷ ದುಡಿದ ಕಂಪನಿ ತನ್ನನ್ನು ಹೀಗೆ ನಡೆಸಿಕೊಂಡಿತಲ್ಲ ಎಂಬ ನೋವು ಅವನಿಗೆ ನಿಜವಾಗಿಯೂ ಇದೆ. ಮರ್ಯಾದೆ ಇಲ್ಲದ ಕಡೆ ಇರಲಾರೆ ಎಂದು ಅವನಿಗೆ ಅನ್ನಿಸುತ್ತದೆ. ಅದೇ ಮಾತನ್ನು ಹೆಂಡತಿ ಮನೆಯ ಬಗ್ಗೆ ಹೇಳಿದರೆ ಅವನಿಗೆ ಅರ್ಥವಾಗುವುದಿಲ್ಲ. ನನಗೆ ಆ ದಾಂಪತ್ಯ ಮುರಿದದ್ದು ಅಲ್ಲಿ.

ಕೊನೆಯಲ್ಲಿ ಪೂಜೆಯ ದಿನ ಎಲ್ಲರ ಎದುರಿಗೆ ಅವಳು ಅತ್ತೆಯನ್ನು (ತನ್ವಿ ಆಜ್ಮಿ) ಕೇಳುವುದೂ ಇದನ್ನೇ: ಅವತ್ತು ನೀವ್ಯಾರೂ ನನ್ನ ಬಳಿ ಬಂದು ಹೀಗಾಗಬಾರದಿತ್ತು ಎಂದು ಹೇಳಲಿಲ್ಲ. ಅತ್ತೆ ಕೆಟ್ಟವಳಲ್ಲ, ಅವಳೂ ಗಂಡನಿಂದ ದೂರವಾಗಿ ಮಗನ ಮನೆಯಲ್ಲಿ ಇರುವವಳು, ಸಹಿಸುವುದನ್ನೇ ಕಲಿತವಳು. ಅಮೃತಾಳ ತಾಯಿ (ರತ್ನಾ ಪಾಠಕ್ ಶಾ) ಕೂಡ ಹಾಗೆಯೇ. ಮದುವೆಯಾದ ಮೇಲೆ ಹಾಡುವುದನ್ನು ಬಿಟ್ಟವಳು ಅವಳು. ಮಗಳ ಪರ ನಿಂತ ಆ ಒಳ್ಳೆಯ ಅಪ್ಪನಿಗೆ, ತನ್ನ ಹೆಂಡತಿ ಹಾಡು ಬಿಟ್ಟದ್ದು ಯಾಕೆ ಎಂದು ಮೂವತ್ತು ವರ್ಷ ಕೇಳಬೇಕೆಂದೇ ತೋಚಿರಲಿಲ್ಲ. ಅವನು ಬೇಡವೆನ್ನಲಿಲ್ಲ, ಹಾಡು ಎಂದೂ ಹೇಳಲಿಲ್ಲ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಈ ಭಾಗ, ಏಕೆಂದರೆ ಅಲ್ಲಿ ಹೊಡೆದವರು ಯಾರೂ ಇಲ್ಲ.

1971ರಲ್ಲಿ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ತ್ರಿವೇಣಿಯವರ ಕಾದಂಬರಿಯ ಆ ಕಾವೇರಿಯಾಗಿ ಕಲ್ಪನಾ ಅಭಿನಯಿಸಿದ್ದನ್ನು ನೋಡಿ ಇಡೀ ಚಿತ್ರಮಂದಿರ ಅತ್ತಿತ್ತು. ಮನೋರೋಗ ವಾಸಿಯಾಗಿ ಬಂದರೂ ಗಂಡನಾಗಲಿ ನೆರೆಹೊರೆಯಾಗಲಿ ಅವಳನ್ನು ಮೊದಲಿನಂತೆ ನೋಡಲಿಲ್ಲ, ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಯಿತು. ಆ ಗಂಡನನ್ನು ಬಿಟ್ಟು ಕಾವೇರಿ ಬೇರೆ ಬದುಕು ಕಟ್ಟಿಕೊಳ್ಳಬಹುದಿತ್ತು ಎಂದು ಅಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅತ್ತೆವು, ಮನೆಗೆ ಬಂದು ಅಡುಗೆ ಮಾಡಿದೆವು. ‘ಥಪ್ಪಡ್’ ಎಲ್ಲ ವಿಷಯದಲ್ಲೂ ಅದಕ್ಕಿಂತ ದೊಡ್ಡ ಚಿತ್ರ ಎಂದು ನಾನು ಹೇಳುವುದಿಲ್ಲ, ಆದರೆ ಹೆಣ್ಣು ಎದ್ದು ಹೋಗಬಹುದಾದ ಬಾಗಿಲೊಂದು ಅದರಲ್ಲಿ ಇದೆ.

ನಾನು ಗಂಡನ ಮನೆಯಿಂದ ಹೊರಟದ್ದು ನನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ. ಸರಕಾರಿ ಶಾಲೆಯ ಸಂಬಳವಿತ್ತು, ಅದೊಂದು ಬಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, “ಅಂಥಾದ್ದೇನು ಮಾಡಿದ ಅಂವ?” ನನ್ನಲ್ಲಿ ತೋರಿಸಲು ಒಂದು ಗಾಯವೂ ಇರಲಿಲ್ಲ. ಹನ್ನೊಂದು ವರ್ಷಗಳಲ್ಲಿ ನನ್ನ ಸಂಬಳದ ಪಾಕೀಟನ್ನು ನಾನೇ ಒಮ್ಮೆಯೂ ಒಡೆದಿರಲಿಲ್ಲ ಎಂದು ಹೇಳಿದರೆ ಅದು ಯಾರಿಗೂ ಕಾರಣವಾಗಿ ಕಾಣಿಸಲಿಲ್ಲ. ಅಮೃತಾಗೆ ಹೇಳಲು ಒಂದು ಏಟಾದರೂ ಇದೆ ಎಂದು ಚಿತ್ರ ನೋಡುವಾಗ ನನಗೆ ಅನ್ನಿಸಿತು.

ಮರುಮಾತು — ತುಂಗಾತೀರ, ಶಿವಮೊಗ್ಗ

ಮೂವರಿಗೂ ಕೃತಜ್ಞತೆಗಳು. ಧಾರವಾಡದ ಅಕ್ಕನವರ ಬರಹವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸಂಬಳದ ಪಾಕೀಟಿನ ಮಾತು ಬಂದಾಗ ಅವರು ಇನ್ನೊಮ್ಮೆ ಓದು ಎಂದರು. ‘ಶರಪಂಜರ’ವನ್ನು ಅವರೂ ನೋಡಿದ್ದಾರಂತೆ, ಹೆಸರು ಕೇಳುತ್ತಲೇ ಕಾವೇರಿಯ ಬಗ್ಗೆ ಎಷ್ಟೋ ಹೊತ್ತು ಮಾತನಾಡಿದರು, ಅಮೃತಾಳ ಬಗ್ಗೆ ಮಾತ್ರ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದರು. ಬದಲಾಗಬೇಕೆಂದು ನಾನೂ ಒತ್ತಾಯಿಸಲಿಲ್ಲ.

ತುಮಕೂರಿನವರಿಗೆ ಒಂದು ಮಾತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಸುನೀತಾ ಇದನ್ನು ಎರಡು ಮನೆಗಳಲ್ಲಿ ಮಾಡುವವಳು, ಒಂದರಲ್ಲಿ ಸಂಬಳಕ್ಕೆ, ಇನ್ನೊಂದರಲ್ಲಿ ಏಟಿಗೆ. ಅವಳ ಕಥೆಗೆ ಇನ್ನಷ್ಟು ಜಾಗ ಬೇಕಿತ್ತು ಎಂಬ ನಿಮ್ಮ ಮಾತು ಸರಿ. ನಿಮ್ಮ ತಂಗಿಯವರು ಈಗ ಹೇಗಿದ್ದಾರೆ ಎಂದು ಕೇಳಬಹುದೇ? ಉತ್ತರಿಸಲೇಬೇಕೆಂದೇನಿಲ್ಲ.

ವಕೀಲರೇ, ಗಂಡನ ಮನೆಯಲ್ಲಿದ್ದುಕೊಂಡೇ ರಕ್ಷಣೆ ಕೇಳಬಹುದು ಎಂದು ನೀವು ಬರೆದದ್ದನ್ನು ಅತ್ತಿಗೆಗೆ ತೋರಿಸಿದೆ. ಅವರು ಓದಿ, ಫೋನು ವಾಪಸು ಕೊಡುವ ಮೊದಲು ಆ ಭಾಗವನ್ನು ತಮ್ಮ ಫೋನಿಗೆ ಕಳುಹಿಸಿಕೊಂಡರು. ನಾನು ಈ ಸಲವಾದರೂ ಕೇಳಿದೆ. “ಈಗ ಬೇಡ, ಹೇಳ್ತೀನಿ” ಎಂದರು.

ಇವತ್ತು ಬೆಳಿಗ್ಗೆ ಅಮ್ಮ ತಾವೇ ಎದ್ದು ಕಾಫಿ ಬೆರೆಸಿದರು. ಸಕ್ಕರೆ ಡಬ್ಬಿಯ ಮುಂದೆ ನಿಂತು, “ನಿಂಗೆ ಎಷ್ಟು ಚಮಚ?” ಎಂದು ಅತ್ತಿಗೆಯನ್ನು ಕೇಳಿದರು. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ. ಅತ್ತಿಗೆ “ಅರ್ಧ” ಎಂದರು.

ಅಣ್ಣ ಇನ್ನೂ ಚಿತ್ರ ನೋಡಿಲ್ಲ. ಬರುವ ಭಾನುವಾರ ಅತ್ತಿಗೆಯೇ ಹಾಕುತ್ತೇನೆ ಎಂದಿದ್ದಾರೆ.